ಶಟ್ಟೆಪ್ಪನ ಚೌಕಶಿ

ಶಟ್ಟೆಪ್ಪ ಸತ್ತ ಸುದ್ದಿಯನ್ನು ಸಂಗೊಳ್ಳಿಗೆ ತಂದ ಪೊಲೀಸ, ಮೂರ್ಛೆ ರೋಗ ಬಂದು ಸತ್ತನೆಂದು ಹೇಳಿದ. ಅದೇ ಸಂಜೆ ಹೆಣ ತಂದ ಜೀಪಿನಿಂದ ಇಳಿದ ಹವಾಲ್ದಾರ, ಉಟ್ಟ ಧೋತರದಿಂದಲೇ ಉರುಲು ಹಾಕಿಕೊಂಡನೆಂದು ಹೇಳಿದ. ಕೃಷ್ಣವ್ವ ಎರಡನ್ನೂ ಕೇಳಿಸಿಕೊಂಡಳು. ಗಂಡನಿಗೆ ಮೂರ್ಛೆ ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಧೋತರವನ್ನಂತೂ ಅವನು ಮದುವೆಯಲ್ಲಿ ಉಟ್ಟದ್ದೇ ಕೊನೆ. ಊರೂರು ತಿರುಗಿ ಹೊಲಗಳ ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದವನು, ತಿರುಗುವ ಪಟ್ಟಾದಲ್ಲಿ ಬಟ್ಟೆ ಸಿಕ್ಕೀತೆಂದು ಸದಾ ಖಾಕಿ ಚಡ್ಡಿಯಲ್ಲೇ ಇರುತ್ತಿದ್ದ.

ಆಗಿದ್ದು ಇಷ್ಟು. ಬನ್ನಿಹಳ್ಳದ ವೀರಪ್ಪನೆಂಬ ದೊಡ್ಡ ಒಕ್ಕಲಿಗನ ಬಾವಿಯ ಮೇಲಿನ ಇಂಜಿನ್ ಕಳುವಾಯಿತು. ಹಿಂದಿನ ವಾರವಷ್ಟೇ ಅದನ್ನು ಬಿಚ್ಚಿ ಜೋಡಿಸಿದವನು ಶಟ್ಟೆಪ್ಪ. ಬನ್ನಿಹಳ್ಳದ ಹೊರಠಾಣೆಯಿಂದ ಪೊಲೀಸರು ಬಂದು ಕರೆದಾಗ ಅವನು ಗಾಬರಿಯಾಗಲಿಲ್ಲ. ಜೀಪಿನ ಹಿಂದೆ ತನ್ನ ಸೈಕಲ್ಲನ್ನೇ ಹೊಡೆದುಕೊಂಡು ಹೋದ. ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಹೇಳಿ ಹೋದ. ಆ ಮಧ್ಯಾಹ್ನ ಬರಲಿಲ್ಲ, ಮರುದಿನವೂ ಬರಲಿಲ್ಲ. ಅನ್ನ ಕಟ್ಟಿಕೊಂಡು ಹೋದ ಕೃಷ್ಣವ್ವನನ್ನು ಠಾಣೆಯ ಬಾಗಿಲಿನಿಂದಲೇ ಹಿಂದೆ ಕಳಿಸಿದರು. ಅದರ ಮರುದಿನ ಬಂದದ್ದು ಜೀಪು.

ಹೊದಿಸಿದ ಬಟ್ಟೆಯನ್ನು ಗದ್ದದವರೆಗೆ ಮಾತ್ರ ಸರಿಸಿ ಮುಖ ತೋರಿಸಿದರು. ಮೈ ತೊಳೆಯಲು ಬಿಡಲಿಲ್ಲ. ದವಾಖಾನೆಯಲ್ಲಿ ಕೊಯ್ದ ಮೈ, ಮುಟ್ಟಬಾರದು ಎಂದರು. ಹೊತ್ತು ಮುಳುಗುವ ಮುಂಚೆ ಮಣ್ಣು ಕೊಡಬೇಕೆಂದು ಅವಸರ ಮಾಡಿದರು. ಕೇರಿಯವರು ಗುಂಡಿ ತೋಡುವಾಗ ಹವಾಲ್ದಾರ ಅಲ್ಲೇ ನಿಂತು ಬೀಡಿ ಸೇದಿದ.

ಶಟ್ಟೆಪ್ಪನ ತಾಯಿ ಕಾಡವ್ವ ಹೆಚ್ಚು ಅಳಲಿಲ್ಲ. ಅವಳನ್ನು ಹಿಡಿದುಕೊಂಡದ್ದು ಒಂದೇ ಮಾತು. ಮಾತಾಡಿಸಲು ಬಂದವರನ್ನೆಲ್ಲ, ಸಾಯುವ ಹೊತ್ತಿನಲ್ಲಿ ತನ್ನ ಮಗನ ಬಾಯಿಗೆ ಯಾರಾದರೂ ನೀರು ಹಾಕಿದರೇ ಎಂದು ಕೇಳುತ್ತಿದ್ದಳು. ಬಂದವರು ಹಾಕಿರುತ್ತಾರೆ ಬಿಡು ಎನ್ನುತ್ತಿದ್ದರು. ನೀನು ನೋಡಿದಿಯಾ ಎಂದು ಅವಳು ಮತ್ತೆ ಕೇಳುತ್ತಿದ್ದಳು. 

ಬೆಳಗಾವಿಯಿಂದ ಬರುವ ಪತ್ರಿಕೆಯಲ್ಲಿ ಪೊಲೀಸರ ಹೇಳಿಕೆ ಅಚ್ಚಾಯಿತು. ಅದರಲ್ಲಿ ಧೋತರ ಹೋಗಿ ಟಾವೆಲ್ ಬಂದಿತ್ತು. ಬೈಲಹೊಂಗಲದ ಚಾದಂಗಡಿಗಳಲ್ಲಿ ಮಂದಿ ಅದನ್ನು ಓದಿಸಿ ಕೇಳಿ, ನಾಳೆ ಏನು ಬರುತ್ತದೋ ನೋಡೋಣ ಎಂದುಕೊಂಡರು. ಯಾರೂ ದನಿ ಎತ್ತಲಿಲ್ಲ. ಆದರೆ ಬನ್ನಿಹಳ್ಳದ ಠಾಣೆಯ ಮುಂದೆ ಹಾಯುವಾಗ ಚಕ್ಕಡಿಯವರು ಮಾತು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಮಾತಾಡುವುದು ರೂಢಿಯಾಯಿತು.

ತುರ್ತು ಪರಿಸ್ಥಿತಿ ಮುಗಿದು ವರ್ಷ ಕಳೆದಿತ್ತು. ದಿಲ್ಲಿಯಲ್ಲಿ ನಡೆಯುವ ವಿಚಾರಣೆಗಳ ಸುದ್ದಿ ರೇಡಿಯೋದಲ್ಲಿ ದಿನಾಲೂ ಬರುತ್ತಿತ್ತು. ಅದನ್ನು ಮನಸ್ಸಿಟ್ಟು ಕೇಳುತ್ತಿದ್ದವರಲ್ಲಿ ಬೈಲಹೊಂಗಲದ ಮಡಿವಾಳೆಪ್ಪ ವಕೀಲರೊಬ್ಬರು. ಅವರ ತೋಟದ ಇಂಜಿನ್ನಿನ ರಿಪೇರಿಯೂ ಶಟ್ಟೆಪ್ಪನ ಕೈಯಲ್ಲೇ ಇತ್ತು. ಅವರು ಓಡಾಡಿ ಅರ್ಜಿ ಬರೆದರು, ವಿಧಾನಸಭೆಯಲ್ಲಿ ಯಾರಿಂದಲೋ ಪ್ರಶ್ನೆ ಕೇಳಿಸಿದರು. ಕೊನೆಗೆ ಸರಕಾರ ಹೊರಗಿನ ಒಬ್ಬ ಅಧಿಕಾರಿಯನ್ನು ಸಾವಿನ ಚೌಕಶಿಗೆ, ವಿಚಾರಣೆ ಮಾಡಿ ವರದಿ ಕೊಡಲು, ನೇಮಿಸಿತು. ಆ ಸುದ್ದಿ ಹೇಳಲು ವಕೀಲರು ಖುಷಿಯಿಂದಲೇ ಸಂಗೊಳ್ಳಿಗೆ ಬಂದರು. ಕೇರಿಯ ಬೇವಿನ ಕಟ್ಟೆಯ ಮೇಲೆ ಕುಳಿತು, ಕಂಡದ್ದು ಕೇಳಿದ್ದು ಎಲ್ಲವನ್ನೂ ಎಲ್ಲರೂ ಬಂದು ಹೇಳಬೇಕೆಂದರು. ಶಟ್ಟೆಪ್ಪನನ್ನು ಕರೆದೊಯ್ದದ್ದನ್ನು ಕಂಡವರಿದ್ದರು, ಠಾಣೆಯ ಹಿಂದಿನ ಹೊಲದಲ್ಲಿ ಕಸ ತೆಗೆಯುವಾಗ ಚೀರಾಟ ಕೇಳಿದ ಹೆಂಗಸರಿದ್ದರು. 

ಆದರೆ ಮಾತಾಡಿದವನು ಶಟ್ಟೆಪ್ಪನ ಚಿಕ್ಕಪ್ಪ ಸೋಮಪ್ಪನೊಬ್ಬನೇ. ಅರಳೆ ಗಿರಣಿಯಲ್ಲಿ ದುಡಿದು ಕೂದಲಿಗೆಲ್ಲ ಅರಳೆ ಹತ್ತಿದಂತೆ ನರೆತವನು.

"ಬರಗಾಲದಾಗ ಕೆರಿ ಕೆಲಸಕ್ಕ ಹೋಗಿದ್ವಿ ವಕೀಲ್ರ. ಒಡ್ಡು ಕುಸದು ನಮ್ಮ ಮಂದಿ ಸತ್ತರು. ಆಗೂ ಒಬ್ಬರು ಸಾಹೇಬ್ರು ಬಂದಿದ್ರು. ನಾನ ಜಬಾಬು ಕೊಟ್ಟೆ. ಮಣ್ಣ ಸಡ್ಲ ಐತಿ ಅಂತ ಮೊದಲ ಹೇಳಿದ್ವಿ, ಮುಕಾದಮ ಕೇಳಲಿಲ್ಲ ಅಂದೆ. ಆಮ್ಯಾಲ ಸಾಲಿ ಮಾಸ್ತರ ಕಡೆ ಓದಿಸಿದರ, ಮುಕಾದಮ ಹೇಳಿದ್ದನ್ನ ಕೂಲ್ಯಾರು ಕೇಳಲಿಲ್ಲ ಅಂತ ಇತ್ತು. ಕೆಳಗ ನನ್ನ ಹೆಬ್ಬೆಟ್ಟು."

ಈಗಿನ ಕಾಲ ಬೇರೆ, ಇದು ಎಲ್ಲರೆದುರು ನಡೆಯುವ ಚೌಕಶಿ ಎಂದು ವಕೀಲರು ತಿಳಿಸಿ ಹೇಳಿದರು. ಸೋಮಪ್ಪ ಅವರಿಗೆ ಎದುರಾಡಲಿಲ್ಲ. ಚಾ ತರಿಸಿ ಕುಡಿಸಿ, ರಸ್ತೆಯವರೆಗೂ ಜೊತೆಗೆ ಹೋಗಿ ಬಸ್ಸು ಹತ್ತಿಸಿ ಬಂದ. ಬಂದವನು ಕೇರಿಗೆಲ್ಲ ಕೇಳಿಸುವಂತೆ, ನಮ್ಮವರು ಯಾರೂ ಅಲ್ಲಿಗೆ ಹೋಗುವುದು ಬೇಡ ಎಂದ. ಕೃಷ್ಣವ್ವ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. 

ಅವಳ ತಲೆಯಲ್ಲಿ ಬೇರೆ ಒಂದು ಹೆಸರು ಕೊರೆಯುತ್ತಿತ್ತು. ಶಟ್ಟೆಪ್ಪನ ಜೊತೆ ಅದೇ ಕೋಣೆಯಲ್ಲಿ ಇನ್ನೊಬ್ಬನನ್ನು ಇಟ್ಟಿದ್ದರು. ಕಳ್ಳಬಟ್ಟಿ ಕಾಯಿಸಿದನೆಂದು ಹಿಡಿದು ತಂದಿದ್ದ ಹೂಲಿಯ ನೀಲಪ್ಪ. ಈಗ ಬಿಟ್ಟು ಕಳಿಸಿದ್ದಾರಂತೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಅತ್ತೆಯ ಮಾತಿಗೆ ಉತ್ತರ ಇದ್ದರೆ ಅವನೊಬ್ಬನಲ್ಲಿ ಇರಬೇಕು. ಒಂದು ಮುಂಜಾನೆ ಕೃಷ್ಣವ್ವ ಸವದತ್ತಿಯ ಬಸ್ಸು ಹತ್ತಿದಳು, ಅಲ್ಲಿಂದ ಹೂಲಿಗೆ ಹೋದಳು. ಹಳೇ ಗುಡಿಗಳ ಹಿಂದೆ, ಗುಡ್ಡದ ಬುಡದಲ್ಲಿ ನೀಲಪ್ಪನ ಮನೆ. ಹೊಸಲಿನ ಮೇಲೆ ಅವನ ಹೆಂಡತಿ ಶಟ್ಟೆವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಬಂದವಳು ಯಾರೆಂದು ತಿಳಿದದ್ದೇ ಅವಳ ಕೈ ಮೊರದ ಮೇಲೆ ನಿಂತಿತು. ಗಂಡ ಮನೆಯಲ್ಲಿಲ್ಲ, ಉಳ್ಳಾಗಡ್ಡಿ ಕೀಳಲು ಮನೋಳಿಗೆ ಹೋಗಿದ್ದಾನೆ ಎಂದಳು. ಅಷ್ಟರಲ್ಲಿ ಒಳಗೆ ಯಾರೋ ಕೆಮ್ಮಿದರು.

ಕೃಷ್ಣವ್ವ ಕೆಮ್ಮು ಕೇಳಿಸದವಳಂತೆ ಶಟ್ಟೆವ್ವನ ಪಕ್ಕ ಕುಳಿತಳು. ಒಳಗಿನವನಿಗೂ ಮುಟ್ಟುವಷ್ಟು ದನಿಯಲ್ಲಿ, "ಸಾಕ್ಷಿ ಹೇಳು ಅನ್ನಾಕ ನಾ ಬಂದಿಲ್ಲಕ್ಕಾ. ನಮ್ಮ ಅತ್ತಿದೊಂದ ಮಾತೈತಿ, ಅದನ್ನ ಕೇಳಿ ಹೋಗಬೇಕಂತ ಬಂದಿದ್ದೆ," ಎಂದಳು.

ಒಳಗಿನವನು ಹೊರಗೆ ಬರಲಿಲ್ಲ. ಶಟ್ಟೆವ್ವ ಮಜ್ಜಿಗೆ ತಂದುಕೊಟ್ಟಳು. ಹೊರಟಾಗ ಗುಡಿಯ ತಿರುವಿನವರೆಗೂ ಜೊತೆಗೆ ಬಂದು, ಪೊಲೀಸರು ದಿನ ಬಿಟ್ಟು ದಿನ ಬಂದು ಹೋಗುತ್ತಾರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದು ನೆಲ ನೋಡುತ್ತ ಹೇಳಿದಳು. ಕೃಷ್ಣವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತಾನು ಅವಳ ಜಾಗದಲ್ಲಿದ್ದರೂ ಗಂಡನನ್ನು ಒಳಗೇ ಕೂಡಿಸುತ್ತಿದ್ದೆ ಎನಿಸಿತು.

ಊರಿಗೆ ಬಂದವಳು ನೇರ ಸೋಮಪ್ಪನ ಮನೆಗೆ ಹೋಗಿ, ತಾನು ಚೌಕಶಿಗೆ ಹೋಗುವುದಾಗಿ ಹೇಳಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ.

"ನೀ ಹೋದರ, ಅವರು ನಾಳೆ ಬರಿಯೂದನ್ನ ಇವತ್ತ ನಾವು ಒಪ್ಪಿದಂಗ ಆಕ್ಕೈತೆವ್ವಾ," ಎಂದ.

"ನನಗೂ ನಂಬಿಕಿ ಇಲ್ಲ ಕಾಕಾ. ಆದರ ಆ ನೀಲಪ್ಪ ಹಗಲಹೊತ್ತಿನಾಗ, ಮಂದಿ ಮುಂದ ಬಂದು ನಿಂದ್ರೂದು ಅದೊಂದ ಜಾಗದಾಗ. ಅಲ್ಲಿ ಬಿಟ್ಟರ ಅವನ್ನ ಇನ್ನೆಲ್ಲಿ ಕೇಳ್ಲಿ?"

ಸೋಮಪ್ಪನಿಗೆ ಅದು ಹೌದೆನಿಸಿರಬೇಕು. ಹೆಬ್ಬೆಟ್ಟು ಮಾತ್ರ ಒತ್ತಬೇಡ ಎಂದ. ಒತ್ತುವುದಿಲ್ಲ ಎಂದು ಅವಳು ಮಾತು ಕೊಟ್ಟಳು.

ಚೌಕಶಿ ನಡೆದದ್ದು ಬೈಲಹೊಂಗಲದ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ. ಹೋಗಬೇಡಿ ಎಂದಿದ್ದ ಸೋಮಪ್ಪನೇ ಮೊದಲು ಬಂದು ಕಂಪೌಂಡಿನ ಹೊರಗೆ ಮರದ ನೆರಳಲ್ಲಿ ನಿಂತಿದ್ದ. ಅವನ ಹಿಂದೆ ಕೇರಿ ಬಂದಿತ್ತು, ಗಿರಣಿಯ ಹಮಾಲರು ಬಂದಿದ್ದರು, ಕಿತ್ತೂರಿನ ಕಡೆಯ ಒಕ್ಕಲಿಗರೂ ಇದ್ದರು. ಹೇಳಿಕೆ ಕೊಡುವವರು ಒಳಗೆ ಬರಬೇಕೆಂದು ಬಾಗಿಲಲ್ಲಿ ನಿಂತ ಪಟ್ಟೆವಾಲಾ ಕೂಗಿದಾಗಲೆಲ್ಲ ಎಲ್ಲರೂ ಮರದ ಎಲೆ ನೋಡುತ್ತಿದ್ದರು. ಕೇಳಿಸಿಕೊಳ್ಳಲು ಬಂದಿದ್ದರೇ ಹೊರತು ಹೇಳಲು ಬಂದಿರಲಿಲ್ಲ. ಕೃಷ್ಣವ್ವ ಅತ್ತೆಯ ಕೈ ಹಿಡಿದು ಗೇಟು ದಾಟಿದಾಗ, ನೆರಳಲ್ಲಿದ್ದವರು ಒಂದು ಹೆಜ್ಜೆ ಮುಂದೆ ಬಂದು ಕಂಪೌಂಡಿನ ಗೋಡೆಗೆ ಆತು ನಿಂತರು.

ಅಧಿಕಾರಿ ಮೈಸೂರಿನ ಕಡೆಯವರು, ಚಾಳೀಸಿನ ಹಿಂದೆ ದಣಿದ ಕಣ್ಣು. ಕಾಡವ್ವನಿಗೆ ಖುರ್ಚಿ ಹಾಕಿಸಿದರು. ಅವಳು ಒಲ್ಲೆನೆಂದು ಪಡಸಾಲೆ ಹತ್ತುವ ಪಾವಟಿಗೆಯ ಮೇಲೆಯೇ ಕುಳಿತಳು. ಮೊದಲು ಬನ್ನಿಹಳ್ಳದ ಠಾಣೆಯ ಫೌಜದಾರ ಹೇಳಿದ. ಬಾಯಿಪಾಠ ಮಾಡಿದವನಂತೆ ಎಲ್ಲಿಯೂ ತಡವರಿಸಲಿಲ್ಲ. ಮೂರ್ಛೆ, ಧೋತರ ಇವೆಲ್ಲ ತಿಳಿಯದ ಕೆಳಗಿನವರು ಆಡಿದ ಮಾತು, ಶಟ್ಟೆಪ್ಪ ಟಾವೆಲ್ಲನ್ನು ಕಿಟಕಿಯ ಸರಳಿಗೆ ಬಿಗಿದು ಉರುಲು ಹಾಕಿಕೊಂಡ, ಅದೇ ನಿಜ ಎಂದ. ಡಾಕ್ಟರರ ಕಾಗದವನ್ನು ಇಂಗ್ಲಿಷಿನಲ್ಲಿ ಓದಿದರು. ಆಮೇಲೆ ಬನ್ನಿಹಳ್ಳದ ವೀರಪ್ಪ ಬಂದ. ಇಂಜಿನ್ ಯಾರು ಮುಟ್ಟಿದ್ದರೆಂದು ಪೊಲೀಸರು ಕೇಳಿದರು, ಶಟ್ಟೆಪ್ಪ ರಿಪೇರಿ ಮಾಡಿದ್ದ ಎಂದೆ, ಅವನು ಕಳ್ಳ ಎಂದು ನಾನು ಹೇಳಲಿಲ್ಲ ಎಂದ. ಹೇಳುವಷ್ಟು ಹೊತ್ತೂ ತನ್ನ ರುಮಾಲಿನ ತುದಿಯನ್ನು ತಿರುವುತ್ತಿದ್ದ.

ನೀಲಪ್ಪನನ್ನು ಜೀಪಿನಲ್ಲಿಯೇ ಕರೆತಂದಿದ್ದರು. ಮಡಿಕೆಯ ಗೆರೆ ಇನ್ನೂ ಅಳಿಯದ ಹೊಸ ಅಂಗಿ ತೊಟ್ಟಿದ್ದ. ಅದನ್ನು ಯಾರು ಕೊಡಿಸಿದರೆಂದು ಊಹಿಸಿ ಗೋಡೆಯಾಚೆ ಯಾರೋ ಸಣ್ಣಗೆ ನಕ್ಕರು. ನಸುಕಿನಲ್ಲಿ ಎಚ್ಚರವಾಯಿತು, ನೋಡಿದರೆ ಶಟ್ಟೆಪ್ಪ ಸರಳಿಗೆ ಜೋತುಬಿದ್ದಿದ್ದ, ಕೂಗಿ ಪೊಲೀಸರನ್ನು ಕರೆದೆ ಎಂದು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅಧಿಕಾರಿ ಹೊಡೆತದ ಬಗ್ಗೆ ಕೇಳಿದರು. ನಾನು ನೋಡಿಲ್ಲ ಎಂದ. ಚೀರಾಟದ ಬಗ್ಗೆ ಕೇಳಿದರು. ನಿದ್ದೆಯಲ್ಲಿದ್ದೆ ಎಂದ.

ಅಧಿಕಾರಿ ಕೃಷ್ಣವ್ವನ ಕಡೆ ತಿರುಗಿ, ನಿಮಗೆ ಗೊತ್ತಿರುವುದನ್ನು ಹೇಳಿ ತಾಯಿ ಎಂದರು. ಅವಳು ಎದ್ದು ನಿಂತು, ಗಂಡ ಸೈಕಲ್ ಹೊಡೆದುಕೊಂಡು ಹೋದದ್ದಷ್ಟೇ ಗೊತ್ತು, ಆಮೇಲಿನದು ಏನೂ ಗೊತ್ತಿಲ್ಲ ಎಂದಳು. ಆಮೇಲೆ, ಈ ಅಣ್ಣನಿಗೆ ಒಂದು ಮಾತು ಕೇಳಬೇಕು ಎಂದಳು. ಪೊಲೀಸರ ಪರವಾಗಿ ಬಂದಿದ್ದ ವಕೀಲ ಎದ್ದು ಆಕ್ಷೇಪ ತೆಗೆದ. ಮಡಿವಾಳೆಪ್ಪ ವಕೀಲರೂ ಎದ್ದರು. ಅಧಿಕಾರಿ ಇಬ್ಬರನ್ನೂ ಕೂಡಿಸಿ, ಕೇಳಲಿ ಬಿಡಿ ಎಂದರು.

"ನೀಲಪ್ಪಣ್ಣಾ, ನಮ್ಮ ಅತ್ತಿ ದಿನಾ ಕೇಳಾಕ ಹತ್ಯಾಳ. ಆವತ್ತ ನಮ್ಮ ಮನಿಯವರಿಗೆ ಯಾರರ ಕುಡಿಯಾಕ ನೀರು ಕೊಟ್ಟರೇನು?"

ಹೊಡೆತಕ್ಕೆ, ಚೀರಾಟಕ್ಕೆ, ಸರಳಿಗೆ ಎಲ್ಲಕ್ಕೂ ಅವನಿಗೆ ಉತ್ತರ ಕಲಿಸಿದ್ದರು. ಇದನ್ನು ಕಲಿಸಿರಲಿಲ್ಲ. ಅವನು ಪಾವಟಿಗೆಯ ಮೇಲೆ ಕುಳಿತ ಮುದುಕಿಯನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖದ ಬಿಗುವು ಹೋಯಿತು.

"ಕೊಟ್ಟೇನೆವ್ವಾ. ನಾನ ಕೊಟ್ಟೇನಿ. ನೀರು ನೀರು ಅಂತಿದ್ದ. ತಂಬಿಗಿ ಕೊಟ್ಟರ ಹಿಡಿಯಾಕ ಬರಲಿಲ್ಲ, ಎರಡೂ ಕೈ ಎತ್ತಾಕ ಬರತಿದ್ದಿಲ್ಲ ಅವಂಗ. ತಲಿ ನನ್ನ ತೊಡಿ ಮ್ಯಾಲ ಇಟ್ಕೊಂಡು ಬಾಯಾಗ ಬಿಟ್ಟೆ. ಕುಡದ. ಪೂರಾ ಕುಡದ."

ಬರೆದುಕೊಳ್ಳುತ್ತಿದ್ದ ಕಾರಕೂನನ ಪೆನ್ನು ನಿಂತಿತು. ಕಾಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಬಗ್ಗಿಸಿದಳು. ಅಧಿಕಾರಿ ಮುಂದಕ್ಕೆ ಬಾಗಿ, ಕೈ ಎತ್ತಲು ಬರುತ್ತಿರಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಆಗ ನೀಲಪ್ಪನಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಫೌಜದಾರನತ್ತ ನೋಡಿದ, ನೋಟ ಕಿತ್ತು ನೆಲ ನೋಡಿದ. ಕೈ ಎತ್ತಲಾಗದವನು ಟಾವೆಲ್ಲನ್ನು ಸರಳಿಗೆ ಹೇಗೆ ಬಿಗಿದ ಎಂದು ಅಧಿಕಾರಿ ಮತ್ತೆ ಕೇಳಿದರು.  ಎಷ್ಟು ಕೇಳಿದರೂ ನೀಲಪ್ಪ ನೆಲದಿಂದ ಕಣ್ಣು ಎತ್ತಲಿಲ್ಲ.

ಕೊನೆಗೆ ಅಧಿಕಾರಿ ಚಾಳೀಸು ತೆಗೆದು ಒರೆಸಿ, ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಲು ಕಾರಕೂನನಿಗೆ ಹೇಳಿದರು. ಕೃಷ್ಣವ್ವನ ಮುಂದೆಯೂ ಮಸಿಯ ಡಬ್ಬಿ ಬಂತು. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನಾ ಏನೂ ಹೇಳಿಲ್ಲರಿ ಸಾಹೇಬ್ರ. ಕೇಳೇನಿ ಅಷ್ಟ."

ಅಧಿಕಾರಿ ಒತ್ತಾಯ ಮಾಡಲಿಲ್ಲ. ನೀಲಪ್ಪನನ್ನು ಜೀಪಿನ ಕಡೆ ಕರೆದೊಯ್ಯುವಾಗ ಕಾಡವ್ವ ಪಾವಟಿಗೆಯಿಂದ ಎದ್ದು ಅಡ್ಡ ನಿಂತಳು. ಪೊಲೀಸರು ತಡೆಯುವ ಮೊದಲೇ ಅವನ ಗಲ್ಲ ಸವರಿ, ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ ಎಂದಳು. ಅವನು ಹೊಸ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ ಜೀಪು ಹತ್ತಿದ.

ನೀಲಪ್ಪ ಆಡಿದ ಮಾತು ಗೋಡೆಯಾಚೆ ನಿಂತವರಿಗೆ ಆಗಲೇ ಮುಟ್ಟಿತ್ತು. ಸಂಜೆಯ ಬಸ್ಸುಗಳಲ್ಲಿ ಅದು ಕಿತ್ತೂರಿಗೆ ಹೋಯಿತು, ಸವದತ್ತಿಗೆ ಹೋಯಿತು, ರಾಮದುರ್ಗದ ನೇಕಾರರ ಮಗ್ಗಗಳ ನಡುವೆಯೂ ಹೋಯಿತು. ಇಷ್ಟು ಸ್ಪಷ್ಟವಾದ ಮೇಲೆ ಯಾರೂ ಮುಚ್ಚಿಡಲಾರರು ಎಂದು ಮಡಿವಾಳೆಪ್ಪ ವಕೀಲರು ಹಿಗ್ಗಿದರು. ಸೋಮಪ್ಪ ಮಾತ್ರ, ಬರೆದದ್ದು ಬರಲಿ, ನೋಡೋಣ ಎಂದ.

ಕೃಷ್ಣವ್ವನಿಗೆ ಆ ದಿನ ಮನೆಗೆ ಬಂದಾಗ ಬೇರೆ ಯಾವ ವಿಚಾರವೂ ಇರಲಿಲ್ಲ. ಅತ್ತೆ ಬಹಳ ದಿನಗಳ ಮೇಲೆ ರೊಟ್ಟಿ ಕೇಳಿ ಉಂಡಳು. ಉಂಡು ಮಲಗಿ ಬೆಳಗಿನವರೆಗೆ ಎದ್ದೇಳಲಿಲ್ಲ. ಎರಡೂ ಕೈ ಎತ್ತಲು ಬರುತ್ತಿರಲಿಲ್ಲ ಎಂಬುದು ಕೃಷ್ಣವ್ವನ ಪಾಲಿಗೆ ಉಳಿಯಿತು. ಭಾರದ ಇಂಜಿನ್ನನ್ನು ಹಾರೆ ಹಾಕಿ ಎಬ್ಬಿಸುತ್ತಿದ್ದ ಕೈಗಳು. ಕೆಲವು ದಿನ ಅವಳಿಂದ ಎಮ್ಮೆ ಹಿಂಡುವುದೂ ಆಗಲಿಲ್ಲ. ಪಕ್ಕದ ಮನೆಯವರು ಹಿಂಡಿಕೊಟ್ಟರು.

ವರದಿ ಬಂದದ್ದು ದಸರೆ ಕಳೆದ ಮೇಲೆ. ವಕೀಲರೇ ಅದನ್ನು ತಂದು ಬೇವಿನ ಕಟ್ಟೆಯ ಮೇಲೆ ಓದಿದರು. ಅವರ ದನಿ ಇಳಿದಿತ್ತು. ಶಟ್ಟೆಪ್ಪ ತಾನಾಗಿಯೇ ಜೀವ ಕಳೆದುಕೊಂಡನು, ಕಾವಲಿನವರು ನಿಷ್ಕಾಳಜಿ ಮಾಡಿದರು, ಫೌಜದಾರನನ್ನು ಬೇರೆ ಕಡೆ ವರ್ಗ ಮಾಡತಕ್ಕದ್ದು ಎಂದಿತ್ತು. ನೀಲಪ್ಪನ ಮಾತು ಒಂದೇ ಸಾಲಾಗಿತ್ತು. ಆರೋಪಿಗೆ ರಾತ್ರಿ ಕುಡಿಯುವ ನೀರು ಕೊಡಲಾಗಿತ್ತು, ಆದ್ದರಿಂದ ಅಮಾನವೀಯವಾಗಿ ನಡೆಸಿಕೊಂಡರೆಂಬ ದೂರಿನಲ್ಲಿ ಹುರುಳಿಲ್ಲ ಎಂದಿತ್ತು. ಕೈಗಳ ಮಾತು ಎಲ್ಲಿಯೂ ಇರಲಿಲ್ಲ.

ಓದಿ ಮುಗಿಸಿದ ವಕೀಲರು ತಲೆ ಎತ್ತಲಿಲ್ಲ. ನಾನು ಮೊದಲೇ ಹೇಳಿದ್ದೆ ಎಂದು ಸೋಮಪ್ಪ ಅನ್ನಬಹುದಿತ್ತು. ಅನ್ನಲಿಲ್ಲ. ತನ್ನ ಎಲೆ ಅಡಿಕೆಯ ಚಂಚಿ ಬಿಚ್ಚಿ ಅವರಿಗೊಂದು ಎಲೆ ಮಡಿಚಿ ಕೊಟ್ಟ. ಆ ಕೇರಿಯಲ್ಲಿ ಅವರು ಎಲೆ ಹಾಕಿಕೊಂಡದ್ದು ಅದೇ ಮೊದಲು.

"ನೀವ್ಯಾಕ ತಲಿ ತಗ್ಗಸ್ತೀರಿ ವಕೀಲ್ರ," ಎಂದಳು ಕೃಷ್ಣವ್ವ. "ಬರದವರು ತಗ್ಗಸ್ಲಿ."

ವಕೀಲರು ಕೋರ್ಟಿನಲ್ಲಿ ಖಟ್ಲೆ ಹಾಕಿದರು. ಅದು ತಾರೀಖಿನಿಂದ ತಾರೀಖಿಗೆ ಹೋಗುತ್ತಿತ್ತು. ನೀಲಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋದವನು ತಿರುಗಿ ಬರಲಿಲ್ಲ. ಚಳಿಗಾಲದಲ್ಲಿ ವೀರಪ್ಪನ ಇಂಜಿನ್ ರಾಮದುರ್ಗದ ಹಳೇ ಕಬ್ಬಿಣ ಕೊಳ್ಳುವ ಒಬ್ಬ ಮೋಡಕಾ ವ್ಯಾಪಾರಿಯ ಹಿತ್ತಲಲ್ಲಿ ಸಿಕ್ಕಿತು. ಕದ್ದವರು ಸಿಕ್ಕರು. ಶಟ್ಟೆಪ್ಪನ ಹೆಸರನ್ನೂ ಅವರು ಕೇಳಿರಲಿಲ್ಲ. ವೀರಪ್ಪ ಒಂದು ಮುಂಜಾನೆ ಬಂದು ಕೃಷ್ಣವ್ವನ ಅಂಗಳದ ತುದಿಯಲ್ಲಿ ನಿಂತ.  ಅವಳು ಕುಳಿತುಕೊಳ್ಳಿ ಎನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ಹೋದ.

ಮುಂದಿನ ವರ್ಷ ಅರಳೆ ಬಿಡಿಸುವ ಕಾಲ. ಗುಡಿಯ ಗಂಟೆ ಕಳುವಾಯಿತೆಂದು ಬನ್ನಿಹಳ್ಳದ ಠಾಣೆಯವರು ಅಮೋಘಸಿದ್ದಪ್ಪನೆಂಬ ಕುರಿ ಕಾಯುವವನನ್ನು ಹೊಲದಿಂದಲೇ ಹಿಡಿದೊಯ್ದರು. ಅವನ ಹೆಂಡತಿ ಯಲ್ಲವ್ವ ಊರಗೌಡರ ಬಳಿಗೆ ಹೋಗಲಿಲ್ಲ, ವಕೀಲರ ಬಳಿಗೂ ಹೋಗಲಿಲ್ಲ. ಕೇಳಿಕೊಂಡು ಕೇಳಿಕೊಂಡು ಕೃಷ್ಣವ್ವ ಅರಳೆ ಬಿಡಿಸುತ್ತಿದ್ದ ಹೊಲಕ್ಕೆ ಬಂದಳು. ಬಂದು ಏನು ಮಾಡಲಿ ಎಂದು ಕೇಳಿದಳು.

ಕೃಷ್ಣವ್ವನಿಗೂ ಗೊತ್ತಿರಲಿಲ್ಲ. ಆದರೆ ಸತ್ತ ಮೇಲೆ ಏನೇನು ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಸೊಂಟಕ್ಕೆ ಕಟ್ಟಿದ್ದ ಅರಳೆಯ ಉಡಿ ಬಿಚ್ಚಿ ಬದುವಿನ ಮೇಲಿಟ್ಟು, "ನಡಿ, ಜೀವ ಇದ್ದಾಗ ಹೋಗೂಣು," ಎಂದಳು. ಜೊತೆಗಿದ್ದ ಹೆಂಗಸರೂ ಉಡಿ ಬಿಚ್ಚಿಟ್ಟು ಹಿಂದೆ ಬಂದರು. ದಾರಿಯಲ್ಲಿ ಸೋಮಪ್ಪ ಕೂಡಿಕೊಂಡ. ಬನ್ನಿಹಳ್ಳ ಮುಟ್ಟುವ ಹೊತ್ತಿಗೆ ಗುಂಪು ದೊಡ್ಡದಾಗಿತ್ತು.

ಅವರು ಕೂಗಲಿಲ್ಲ, ಕಲ್ಲು ಎತ್ತಲಿಲ್ಲ. ಠಾಣೆಯ ಎದುರಿನ ಬಯಲಲ್ಲಿ ಕುಳಿತುಕೊಂಡರು. ಹೊಸ ಫೌಜದಾರ ಹೊರಗೆ ಬಂದು, ಏನು ಬೇಕು ಎಂದು ಕೇಳಿದ.

"ಏನೂ ಬ್ಯಾಡ್ರಿ," ಎಂದಳು ಕೃಷ್ಣವ್ವ. "ಅಮೋಘಸಿದ್ದಪ್ಪ ಒಳಗದಾನ. ಅವ ಬರೂತನಕ ಕುಂಡರ್ತೇವಿ."

ವಿಚಾರಣೆ ಮಾಡಬೇಕು, ಹೊತ್ತಾಗುತ್ತದೆ, ಮನೆಗೆ ಹೋಗಿ ಎಂದ. ಆಗಲಿ, ನಮಗೇನೂ ಅವಸರವಿಲ್ಲ ಎಂದು ಸೋಮಪ್ಪ ಹೇಳಿದ. ಫೌಜದಾರ ಒಳಗೆ ಹೋದ, ಬಾಗಿಲು ಹಾಕಿಸಿದ, ಮತ್ತೆ ತೆಗೆಸಿದ. ಬಿಸಿಲು ಏರಿತು. ಹೆಂಗಸರು ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನು ಮುರಿದು ಹಂಚಿಕೊಂಡರು. ಚಕ್ಕಡಿಯವರು ಗಾಡಿ ನಿಲ್ಲಿಸಿ ಏನೆಂದು ಕೇಳಿದರು, ಕೆಲವರು ಎತ್ತು ಬಿಟ್ಟು ತಾವೂ ಕುಳಿತರು. ಮಧ್ಯಾಹ್ನ ಇಳಿಮುಖವಾದಾಗ ವೀರಪ್ಪ ತನ್ನ ಮನೆಯಿಂದ ನಡೆದು ಬಂದು, ಯಾರ ಮುಖವನ್ನೂ ನೋಡದೆ, ಗುಂಪಿನ ಅಂಚಿಗೆ ಕುಳಿತ.  ಪಕ್ಕದವಳು ಅವನಿಗೂ ರೊಟ್ಟಿ ಕೊಟ್ಟಾಗ ಕೃಷ್ಣವ್ವ ಬೇಡವೆನ್ನಲಿಲ್ಲ.

ಹೊತ್ತು ಮುಳುಗುವ ಮುಂಚೆಯೇ ಅಮೋಘಸಿದ್ದಪ್ಪನನ್ನು ಬಿಟ್ಟರು. ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಪಾವಟಿಗೆ ಇಳಿದು ಬಂದವನು ಅಷ್ಟು ಮಂದಿಯನ್ನು ನೋಡಿ ದಿಗಿಲಾಗಿ ನಿಂತ. ಯಲ್ಲವ್ವ ಹತ್ತಿರ ಹೋದಾಗ ಅವನು ಮೊದಲು ಕೇಳಿದ್ದು ಕುರಿಗಳ ಸುದ್ದಿ. ತಮ್ಮ ಕಾಯುತ್ತಿದ್ದಾನೆ ಎಂದು ಅವಳು ಹೇಳಿದಳು. ಮಂದಿ ಎದ್ದು ಸೀರೆ, ಧೋತರಗಳ ಮಣ್ಣು ಝಾಡಿಸಿಕೊಂಡರು. ಸಂಗೊಳ್ಳಿಯ ಕಡೆ ಹೋಗುವವರು ಒಂದು ದಾರಿ ಹಿಡಿದರು, ಉಳಿದವರು ಬಸ್ಸಿಗೆಂದು ರಸ್ತೆಯತ್ತ ನಡೆದರು. ಕೃಷ್ಣವ್ವ ಬದುವಿನ ಮೇಲೆ ಬಿಟ್ಟುಬಂದಿದ್ದ ಅರಳೆಗೆ ಇಬ್ಬನಿ ಬೀಳುವುದರೊಳಗೆ ಮುಟ್ಟಬೇಕೆಂದು ಹೆಜ್ಜೆ ಚುರುಕು ಮಾಡಿದಳು.